ಸಿನಿಮಾ ಹಾಡಲ್ಲ, ಸ್ವಂತ ಹಾಡು: ತಬಲಾ, ಪಿಟೀಲಿಗೆ ಎಲೆಕ್ಟ್ರಿಕ್ ಗಿಟಾರ್ ಬೆಸೆದ ‘ಸ್ವರಾತ್ಮ’

ಆರ್ಕೆಸ್ಟ್ರಾ ಅಂದ್ರೆ ಸಿನಿಮಾ ಹಾಡು ಅನ್ನೋದು ನಮ್ಮ ಗಣೇಶೋತ್ಸವ, ಜಾತ್ರೆಗಳ ರೂಢಿ. ಆದರೆ ತಾವೇ ಬರೆದು, ತಾವೇ ರಾಗ ಕಟ್ಟಿದ ಹಾಡುಗಳಿಂದಲೇ ಹೆಸರು ಮಾಡಿದ ತಂಡವೊಂದು ಬೆಂಗಳೂರಿನಲ್ಲಿದೆ. ಅದೇ ‘ಸ್ವರಾತ್ಮ’. ಸಿನಿಮಾದ ಹಂಗಿಲ್ಲದ ಇಂಥ ತಂಡಗಳಿಗೆ ಸ್ವತಂತ್ರ ಅಥವಾ ‘ಇಂಡಿ’ ಬ್ಯಾಂಡ್ ಅಂತಾರೆ.

ಯಾರು, ಏನು ನುಡಿಸ್ತಾರೆ?

ಮುಖ್ಯ ಗಾಯಕ ವಾಸು ದೀಕ್ಷಿತ್, ರಘು ದೀಕ್ಷಿತ್ ಅವರ ತಮ್ಮ. ಹಾಡುತ್ತಲೇ ಅಕೌಸ್ಟಿಕ್ ಗಿಟಾರ್ ನುಡಿಸ್ತಾರೆ. 2009ರಲ್ಲಿ ಮೊದಲ ಆಲ್ಬಂ ಬಂದಾಗ ವರುಣ್ ಮುರಳಿ ಎಲೆಕ್ಟ್ರಿಕ್ ಗಿಟಾರ್, ಜಿಷ್ಣು ದಾಸ್‌ಗುಪ್ತಾ ಬೇಸ್, ಸಂಜೀವ್ ನಾಯಕ್ ಪಿಟೀಲು, ಪವನ್ ಕುಮಾರ್ ತಬಲಾದಂಥ ದೇಸಿ ತಾಳವಾದ್ಯ, ಮಾಂಟ್ರಿ ಮ್ಯಾನ್ಯುಯಲ್ ಡ್ರಮ್ಸ್ ನೋಡಿಕೊಳ್ತಿದ್ದರು.

ಈ ಬೆರಕೆ ಯಾಕೆ ಕಷ್ಟ?

ಅಕೌಸ್ಟಿಕ್ ಗಿಟಾರ್‌ನ ನಾದ ಅದರ ಮರದ ಡಬ್ಬಿಯಿಂದ, ತಬಲಾದ್ದು ಚರ್ಮದಿಂದ ಹೊರಡುತ್ತೆ. ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ತಂತಿಯ ಕೆಳಗಿನ ಅಯಸ್ಕಾಂತದ ಪಿಕಪ್, ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡಿ ಆಂಪ್ಲಿಫೈಯರ್‌ಗೆ ಕಳಿಸುತ್ತೆ. ಅದರ ಸೌಂಡ್ ಏರಿಸಿದ್ರೆ ತಬಲಾ ಮುಳುಗಿಹೋಗುತ್ತೆ. ತಬಲಾ ಮೈಕ್ ಏರಿಸಿದ್ರೆ ‘ಕುಂಯ್’ ಅಂತ ಶುರುವಾಗುತ್ತೆ. ಮೈಕ್‌ಸೆಟ್‌ನವರಿಗೆ ಇದು ದಿನದ ತಲೆನೋವು. ಹಾಗಾಗಿ ಹಾಡು ಕಟ್ಟುವಾಗಲೇ ಒಂದು ವಾದ್ಯ ಇನ್ನೊಂದಕ್ಕೆ ಜಾಗ ಬಿಡಬೇಕಾಗುತ್ತೆ.

ಹಾಡಲ್ಲಿ ಏನಿದೆ?

ತಂಡ ಕನ್ನಡ, ಹಿಂದಿ ಎರಡರಲ್ಲೂ ಹಾಡುತ್ತೆ. ಮೊದಲ ಆಲ್ಬಂನಲ್ಲಿ ‘ಈ ಭೂಮಿ’ ಕನ್ನಡದ್ದು. ಅದರಲ್ಲೇ ಇರುವ ‘ಪ್ಯಾಸಿ’, ಅಂದ್ರೆ ಬಾಯಾರಿದವಳು, ಕಾವೇರಿ ವಿವಾದದ ಕುರಿತ ಹಿಂದಿ ಹಾಡು. ಕಾವೇರಿ ಗಲಾಟೆ ಅಂದ್ರೆ ಶಟರ್ ಇಳಿಸೋದೇ ನೆನಪಾಗುವ ಅಂಗಡಿಯವರಿಗೂ ಆ ಹೆಸರು ತಟ್ಟದೇ ಇರದು. 2012ರ ‘ಟೋಪಿವಾಲೆ’ ರಾಜಕಾರಣಿಗಳನ್ನು ಲೇವಡಿ ಮಾಡುತ್ತೆ. 2018ರಲ್ಲಿ ‘ರಾಹ್-ಎ-ಫಕೀರಾ’ ಬಂತು.

ವೇದಿಕೆಯಲ್ಲಿ ವಾಸು ಸೊಂಟಕ್ಕೆ ಬಣ್ಣಬಣ್ಣದ ಕುದುರೆ ಕಟ್ಟಿಕೊಂಡು ಕುಣಿಯೋದೂ ಉಂಟು. ನೋಡಿದವರಿಗೆ ನಮ್ಮ ಜಾತ್ರೆಯ ಕೀಲುಕುದುರೆ ನೆನಪಾಗುತ್ತೆ.

ನಮಗೇನು ಉಪಯೋಗ?

ಸ್ವತಂತ್ರ ತಂಡಕ್ಕೆ ಸಂಬಳ ಕೊಡುವ ನಿರ್ಮಾಪಕರಿಲ್ಲ. ಕಾರ್ಯಕ್ರಮದ ಸಂಭಾವನೆಯೇ ದೊಡ್ಡ ಆಧಾರ. ನಮ್ಮೂರಲ್ಲೂ ಸ್ವಂತ ಹಾಡು ಕಟ್ಟುವ ಹುಡುಗರು, ತಮಟೆ–ಡೊಳ್ಳಿನ ಕಲಾವಿದರು ಇದ್ದೇ ಇರ್ತಾರೆ. ಉತ್ಸವ ಸಮಿತಿಯವರು ಈ ಸಲ ಸಿನಿಮಾ ಹಾಡುಗಳ ನಡುವೆ ಅವರಿಗೂ ಅರ್ಧ ಗಂಟೆ ಕೊಡಬಹುದು. ಜೊತೆಗೆ ಮೈಕ್ ಸರಿಮಾಡಿಕೊಳ್ಳೋಕೆ ಮೊದಲೇ ಒಂದಿಷ್ಟು ಸಮಯ ಕೊಟ್ರೆ, ಡೊಳ್ಳೂ ಕೇಳುತ್ತೆ, ಗಿಟಾರೂ ಕೇಳುತ್ತೆ.