ಬಡನಡುವೂ ಬಡವಾದ ಮೈಯೂ

ಮದುವೆಯ ಚಪ್ಪರದಲ್ಲಿ ಊಟಕ್ಕೆ ಕುಳಿತವರ ಮಾತಿಗೆ ಒಮ್ಮೆ ಕಿವಿಗೊಡಿ. ಹುಡುಗ ಬಡಕಲು, ಹುಡುಗಿ ಸ್ವಲ್ಪ ದಪ್ಪ ಎಂದಾದರೆ, ಎಲೆಗೆ ಹೋಳಿಗೆ ಬೀಳುವುದರೊಳಗೆ 'ಜೋಡಿ ಒಪ್ಪುವುದಿಲ್ಲ' ಎಂಬ ತೀರ್ಪು ಹೊರಬಿದ್ದಿರುತ್ತದೆ. ಅವರಿಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿ ಒಪ್ಪಿದವರೆಂಬುದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಹುಡುಗನೇ ದಪ್ಪಗಿದ್ದರೆ ಪಂಕ್ತಿ ಸುಮ್ಮನಿರುತ್ತದೆ; 'ಅನುಕೂಲಸ್ಥರ ಮನೆ' ಎಂದರೂ ಎಂದೀತು.

ಈ ತೀರ್ಪಿನ ಬೇರಿಗೆ ನಮ್ಮ ನುಡಿಯೇ ಸುಳಿವು ಕೊಡುತ್ತದೆ. ಮೈ 'ಬಡವಾಯಿತು' ಎಂದರೆ ಕೃಶವಾಯಿತು ಎಂದರ್ಥ. ಇಲ್ಲದವನು 'ಬಡವ'ನಾದದ್ದೂ ಅದೇ ಮಾತಿನಿಂದ. ಅನ್ನಕ್ಕೆ ತತ್ವಾರವಿದ್ದ ಕಾಲದಲ್ಲಿ 'ಮೈ ತುಂಬಿಕೊಂಡಿದ್ದಾಳೆ' ಎಂಬ ಹೊಗಳಿಕೆ ಹುಡುಗಿಗಿಂತ ಹೆಚ್ಚಾಗಿ ಅವಳ ಮನೆಯ ಕಣಜಕ್ಕೆ ಸಲ್ಲುತ್ತಿತ್ತು. ಮದುವೆಯಾದ ವರ್ಷ ಮಗಳು ಸೊರಗಿದರೆ ಅತ್ತೆಯ ಮನೆಗೆ ಅಪವಾದ; ಮಗ ಸೊರಗಿದರೆ ಹೆಂಡತಿಯ ಅಡಿಗೆಗೆ ಅಪವಾದ. (ಮಗ ತಾನೇ ಅಡಿಗೆ ಮಾಡಿಕೊಳ್ಳಬಹುದೆಂಬುದು ಮಾತ್ರ ಯಾರಿಗೂ ಹೊಳೆಯದು!) ಕಾವ್ಯಕ್ಕೆ ಬಂದರೆ ಅದೇ 'ಬಡ' ನಾಯಿಕೆಗೆ ಭೂಷಣ: ಬಡನಡುವನ್ನು ಕೊಂಡಾಡಿ ನಮ್ಮ ಕವಿಗಳು ದಣಿಯಲಿಲ್ಲ. ಈಗಿನ ವಧೂವರರ ಜಾಹೀರಾತುಗಳು ಕವಿಗಳ ಪಕ್ಷ. 'ತೆಳ್ಳಗೆ ಬೆಳ್ಳಗೆ' ಇರುವ ಕನ್ಯೆಯೇ ಬೇಕು. ಕೇಳುವ ವರನ ತೂಕ ಅಲ್ಲಿ ಅಚ್ಚಾಗುವುದು ಅಪರೂಪ.

ವೈದ್ಯರ ದೃಷ್ಟಿಯೇ ಬೇರೆ. ಚರಕಸಂಹಿತೆಯ ಸೂತ್ರಸ್ಥಾನವು ಅತಿಸ್ಥೂಲರನ್ನೂ ಅತಿಕೃಶರನ್ನೂ ಎಂಟು ಬಗೆಯ ನಿಂದಿತರಲ್ಲಿ ಎಣಿಸುವುದುಂಟು. ಆದರೆ ಅಲ್ಲಿಯ ಮಾತು ಚಿಕಿತ್ಸೆಯದು. ಸ್ಥೌಲ್ಯಕ್ಕೆ ಅತಿಭೋಜನದ ಜೊತೆಗೆ ಬೀಜಸ್ವಭಾವವನ್ನೂ, ಅಂದರೆ ತಂದೆತಾಯಿಗಳಿಂದ ಬಂದುದನ್ನೂ, ಅದು ಕಾರಣವಾಗಿ ಹೇಳುತ್ತದೆ. ಇಂದಿನ ವೈದ್ಯರು ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸುತ್ತಾರೆ. ಬೆಲ್ಜಿಯಂ ದೇಶದ ಕೆತ್ಲೆ 1830ರ ದಶಕದಲ್ಲಿ ಕಂಡುಕೊಂಡ ಈ ಲೆಕ್ಕ ಜನಸಮೂಹದ ಸರಾಸರಿಗಾಗಿ ಹುಟ್ಟಿದ್ದು, ಒಬ್ಬಳು ವಧುವಿಗಾಗಿ ಅಲ್ಲ. ಭಾರತೀಯರಿಗೆ ಭಾಗಲಬ್ಧ 23 ದಾಟಿದರೆ ಎಚ್ಚರ ಬೇಕೆನ್ನುತ್ತಾರೆ, 1.55 ಮೀಟರ್ ಎತ್ತರದವಳಿಗೆ ಅದು ಸುಮಾರು 55 ಕಿಲೋ. ಈ ಎಚ್ಚರವೂ ಸಕ್ಕರೆ ಕಾಯಿಲೆ, ಹೃದ್ರೋಗಗಳಿಗೆ ಸಂಬಂಧಿಸಿದ್ದು. ಗಂಡಿಗೂ ಹೆಣ್ಣಿಗೂ ಒಂದೇ.

ಇಷ್ಟಾದರೂ ಹೆಣ್ಣು ನೋಡಲು ಬರುವ ಭಾನುವಾರಕ್ಕಾಗಿ ವಾರವೆಲ್ಲ ರಾತ್ರಿಯೂಟ ಬಿಟ್ಟು ಮಲಗುವ ಹುಡುಗಿಯರಿದ್ದಾರೆ. ಬಂದವರು ಉಪ್ಪಿಟ್ಟು, ಕೇಸರಿಬಾತು ತಿಂದು, 'ಆಮೇಲೆ ತಿಳಿಸುತ್ತೇವೆ' ಎಂದು ಏಳುತ್ತಾರೆ. 'ಹುಡುಗಿ ದಪ್ಪ' ಎಂಬ ಮಾತು ನಾಲ್ಕು ದಿನ ಬಿಟ್ಟು ಮಧ್ಯಸ್ಥರ ಬಾಯಿಂದ ಬರುತ್ತದೆ. 'ಬಡವಾಗಿದ್ದೀಯೆ, ಇನ್ನೊಂದು ತುತ್ತು ತಿನ್ನಮ್ಮ' ಎಂದು ಬೆಳೆಸಿದ ತಾಯಿಯೇ ಅಂದಿನಿಂದ ತುಪ್ಪದ ಮಿಳ್ಳೆಯನ್ನು ಅವಳ ತಟ್ಟೆಯಿಂದ ದೂರ ಸರಿಸುತ್ತಾಳೆ.