ಹಾಸ್ಟೆಲ್ಲಿಗೆ ಹೊರಡುವ ಖಡಕ್ ರೊಟ್ಟಿ

ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಪೂರ್ವದ ಅಂಚಿನಲ್ಲಿ, ವಿಜಯಪುರ ಮತ್ತು ಬೆಳಗಾವಿ ಜಿಲ್ಲೆಗಳಿಗೆ ತಾಗಿಕೊಂಡಿರುವ ಜತ್ತ ತಾಲ್ಲೂಕು ಮಳೆನೆರಳಿನ ಸೀಮೆಯಾಗಿದ್ದು, ಉಮದಿ, ಸಂಖ, ಗುಡ್ಡಾಪುರ ಮೊದಲಾದ ಊರುಗಳಲ್ಲಿ ಕನ್ನಡ ಮನೆಮಾತಾಗಿ, ಹಿಂಗಾರಿಯ ಬಿಳಿಜೋಳ ಮುಖ್ಯ ಆಹಾರವಾಗಿ ಉಳಿದುಬಂದಿವೆ. ಇಲ್ಲಿನ ಮಕ್ಕಳು ಕಾಲೇಜಿಗಾಗಿ ವಿಜಯಪುರ, ಸಾಂಗಲಿ, ಸೊಲ್ಲಾಪುರ, ಕೊಲ್ಹಾಪುರಗಳಿಗೆ ಹೋದಾಗ ಅವರಿಗೆ ಕಳಿಸುವ ಬುತ್ತಿಯಲ್ಲಿ ಖಡಕ್ ರೊಟ್ಟಿಗೆ, ಅಂದರೆ ತೇವವೆಲ್ಲ ಹೋಗುವವರೆಗೆ ಸುಟ್ಟ ಗರಿಗರಿ ಜೋಳದ ರೊಟ್ಟಿಗೆ, ಮೊದಲ ಸ್ಥಾನವಿದೆ.

ಜೋಳದಲ್ಲಿ ಗೋಧಿಯ ಅಂಟು ಪ್ರೊಟೀನಾದ ಗ್ಲುಟೆನ್ ಇಲ್ಲದಿರುವುದರಿಂದ ತಣ್ಣೀರಿನಲ್ಲಿ ಕಲಸಿದ ಹಿಟ್ಟು ಬಡಿಯುವಾಗ ಸೀಳುತ್ತದೆ. ಆದ್ದರಿಂದ ಎಸರು, ಅಂದರೆ ಕುದಿಯುವ ನೀರು, ಹಾಕಿ ಪಿಷ್ಟವನ್ನು ಅರೆಬೇಯಿಸಿ, ಆ ಜಿಗುಟಿನ ಬಲದಿಂದ ಹಿಟ್ಟನ್ನು ನಾದಿ, ಅಂಗೈಯಿಂದ ತಿರುಗಿಸುತ್ತ ಬಡಿದು ಹಂಚಿಗೆ ಹಾಕುತ್ತಾರೆ. ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರಿ, ಆ ನೀರು ಆರಿದ ಮೇಲೆ ಮಗುಚಿದರೆ ಮೆತ್ತನೆಯ ರೊಟ್ಟಿ ಸಿದ್ಧವಾಗುತ್ತದೆ. ಖಡಕ್ ರೊಟ್ಟಿಯ ನಿಜವಾದ ಕೆಲಸ ಅಲ್ಲಿಂದ ಮುಂದಿನದು: ಇನ್ನೂ ತೆಳ್ಳಗೆ ಬಡಿದ ರೊಟ್ಟಿಯನ್ನು ಸಣ್ಣ ಉರಿಯಲ್ಲಿ ಒಣಬಟ್ಟೆಯಿಂದ ಒತ್ತುತ್ತ, ಅಥವಾ ಕೆಂಡದ ಕಾವಿಗೆ ಒಲೆಯ ಪಕ್ಕದಲ್ಲಿ ಆನಿಸಿ ನಿಲ್ಲಿಸಿ, ಒಳಗಿನ ತೇವವನ್ನು ನಿಧಾನವಾಗಿ ಹೊರಹಾಕಬೇಕು, ಉರಿ ಹೆಚ್ಚಾದರೆ ಹೊರಗೆ ಕರಿಕಾಗಿ ಒಳಗೆ ಹಸಿ ಉಳಿಯುತ್ತದೆ. ತೇವವಿಲ್ಲದಲ್ಲಿ ಬೂಸು ಬೆಳೆಯದೆಂಬ ತತ್ತ್ವದ ಮೇಲೆಯೇ ಸ್ವೀಡನ್ನಿನ ರೈ ಧಾನ್ಯದ ಒಣರೊಟ್ಟಿಯೂ ನಿಂತಿದೆ. ಖಡಕ್ ರೊಟ್ಟಿ ಸುಡುವುದು ಬೇಕರಿಯ ಯಾವ ವಿದ್ಯೆಗೂ ಕಡಿಮೆಯಿಲ್ಲದ ಕೌಶಲವಾಗಿದ್ದು, ಇದನ್ನು ಉಳಿಸಿ ಬೆಳೆಸಿದ ಹೆಣ್ಣುಮಕ್ಕಳಿಗೆ ಆ ಮನ್ನಣೆ ಸಲ್ಲಲೇಬೇಕು.

ಸುಟ್ಟ ರೊಟ್ಟಿಯನ್ನು ಪೂರ್ತಿ ಆರಿಸಿಯೇ ಕಟ್ಟಬೇಕು, ಏಕೆಂದರೆ ಬಿಸಿಯಲ್ಲಿ ಮುಚ್ಚಿದರೆ ಆವಿ ನೀರಾಗಿ ರೊಟ್ಟಿ ಮೆತ್ತಗಾಗುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒತ್ತೊತ್ತಾಗಿ ಪೇರಿಸಿ, ಸಂದುಗಳಿಗೆ ಬಟ್ಟೆ ಅಥವಾ ಕಾಗದ ತುರುಕಿದರೆ ಅಂಚೆಯ ಪಾರ್ಸೆಲ್ಲಿನಲ್ಲೂ ಎಸ್‌.ಟಿ. ಬಸ್ಸಿನಲ್ಲಿ ಹೋಗುವವರ ಕೈಯಲ್ಲೂ ಸುರಕ್ಷಿತವಾಗಿ ತಲುಪುತ್ತದೆ. ಮುರಿದರೂ ನಷ್ಟವಿಲ್ಲ, ಮುರಿದೇ ತಿನ್ನುವುದು.

ಒಲೆಯಿಲ್ಲದ ಕೋಣೆಯಲ್ಲಿ ವಿದ್ಯಾರ್ಥಿಯು ರೊಟ್ಟಿಯ ಚೂರುಗಳನ್ನು ಮೊಸರಿನಲ್ಲಿ ನೆನೆಸಿ, ಮೇಲೆ ಶೇಂಗಾ ಹಿಂಡಿ, ಅಂದರೆ ಹುರಿದ ಶೇಂಗಾ, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಕುಟ್ಟಿದ ಪುಡಿ, ಉದುರಿಸಿಕೊಂಡರೆ ಬೆಳಗಿನ ಉಪಾಹಾರವಾಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕಗಳಂತೆ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೊಟೀನು, ಹೆಚ್ಚುಕಡಿಮೆ ಅಷ್ಟೇ ನಾರಿನಂಶವಿದೆ. ಜೋಳದಲ್ಲಿ ಕೊರತೆಯಿರುವ ಲೈಸಿನ್ ಎಂಬ ಅಮೈನೋ ಆಮ್ಲವನ್ನು ಮೊಸರು ತುಂಬಿಕೊಡುವುದರಿಂದ ಈ ಜೋಡಿ ರುಚಿಗಷ್ಟೇ ಕೂಡಿದ್ದಲ್ಲ. ಮೈದಾ ಬಿಸ್ಕತ್ತಿನ ಪೊಟ್ಟಣ ಇದರ ಸಮಕ್ಕೆ ಬಾರದು.

ಸಂಕ್ರಾಂತಿಯ ಹೊತ್ತಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯೂ ಬುತ್ತಿ ಸೇರುತ್ತದೆ. ಸಜ್ಜೆಯಲ್ಲಿ ಜೋಳಕ್ಕಿಂತ ಕೊಬ್ಬಿನಂಶ ಹೆಚ್ಚಿದ್ದು, ಬೀಸಿಟ್ಟ ಹಿಟ್ಟು ಬೇಗ ಕಹಿಯಾಗುವುದರಿಂದ, ಅದನ್ನು ಆಗಷ್ಟೇ ಬೀಸಿದ ಹಿಟ್ಟಿನಲ್ಲೇ, ಬೇಗ ತಿಂದು ಮುಗಿಯುವಷ್ಟೇ ಮಾಡಿ ಕಳಿಸುವುದು ಲೇಸು.