ತಂತಿಯ ಮೇಲೆ ಜಾರುವ ನಾದ

ಬೆರಳಿಗೆ ಗಾಜಿನ ಕೊಳವೆ ತೊಟ್ಟು ತಂತಿಯ ಮೇಲೆ ಜಾರಿಸಿದರೆ ಗಿಟಾರ್ ಮನುಷ್ಯರ ಕಂಠದಂತೆ ಹಾಡುತ್ತದೆ. ಇದೇ ಸ್ಲೈಡ್ ಗಿಟಾರ್. ಅಮೆರಿಕದ ಕಪ್ಪುಜನರ ಬ್ಲೂಸ್ ಸಂಗೀತದಲ್ಲಿ ಬೆಳೆದ ಈ ಶೈಲಿಯನ್ನು ರಾಕ್ ಸಂಗೀತಕ್ಕೆ ದಾಟಿಸಿದವರಲ್ಲಿ ರೈ ಕೂಡರ್ ಪ್ರಮುಖರು.

ಆರಂಭದ ದಿನಗಳಲ್ಲಿ ಅನ್ಯರ ಧ್ವನಿಮುದ್ರಣಗಳಿಗೆ ನುಡಿಸುವುದು ಅವರ ವೃತ್ತಿಯಾಗಿತ್ತು. 1969ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದೊಡನೆ ನುಡಿಸಿದರು. ಅವರು ತಂತಿಗಳಿಗೆ ಶ್ರುತಿ ಕೂಡಿಸುತ್ತಿದ್ದ ಕ್ರಮವನ್ನು ತಂಡದ ಕೀತ್ ರಿಚರ್ಡ್ಸ್ ಕಲಿತು ತಮ್ಮದಾಗಿಸಿಕೊಂಡರು. ಕೇಳುಗರ ಬಾಯಲ್ಲಿ ಉಳಿದದ್ದು ಮಾತ್ರ ತಂಡದ ಹೆಸರು.

ಈ ಜಾರುನಾದ ಕನ್ನಡನಾಡಿಗೆ ಹೊಸತಲ್ಲ. ಮೆಟ್ಟುಗಳಿಲ್ಲದ ಗೋಟುವಾದ್ಯದ ಗುಟ್ಟೂ ಇದೇ. ಮೈಸೂರಿನಲ್ಲಿ ಜನಿಸಿದ ಗೋಟುವಾದ್ಯ ವಾದಕ ರವಿಕಿರಣ್ 1995ರ 'ಮುಮ್ತಾಜ್ ಮಹಲ್' ಧ್ವನಿಮುದ್ರಿಕೆಯಲ್ಲಿ ಬ್ಲೂಸ್ ಗಾಯಕ ತಾಜ್ ಮಹಲ್ ಜೊತೆಗೂಡಿದರು. ಹದಿಹರೆಯದ ಕೂಡರ್ ಗಿಟಾರ್ ನುಡಿಸಿದ್ದೂ ಇದೇ ತಾಜ್ ಮಹಲ್ ಜೊತೆಯಲ್ಲೇ!